ಹಳೆಯ ಗಣಕಯಂತ್ರವೂ ನಮ್ಮ ಮುದ್ರಣಾಲಯಗಳೂ

2025ನೆಯ ಇಸವಿಯ ಅಕ್ಟೋಬರ್ 14ನೆಯ ತಾರೀಖಿಗೆ ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಕಂಪೆನಿಯವರ ರಕ್ಷಣೆಯು ಮುಗಿಯಿತು. ಅಂದಿನಿಂದ ನಮ್ಮ ಕಾರ್ಯಾಲಯಕ್ಕೆ ಬರುವ ಮಿತ್ರರನೇಕರು, ವಿಶೇಷವಾಗಿ ಸಣ್ಣ ಮುದ್ರಣಾಲಯಗಳನ್ನೂ ವಾರಪತ್ರಿಕೆಗಳನ್ನೂ ನಡೆಯಿಸುವ ಗೃಹಸ್ಥರು, ಒಂದೇ ಪ್ರಶ್ನೆಯನ್ನು ಕೇಳುತ್ತಲಿದ್ದಾರೆ: ಯಂತ್ರವು ಚೆನ್ನಾಗಿ ನಡೆಯುತ್ತಿರುವಾಗ ಅದನ್ನು ಬಿಡುವುದೇಕೆ? ಇವರಲ್ಲಿ ಹಲವರು ವಿಂಡೋಸ್ 10ರ ವರೆಗೂ ಬಂದವರಲ್ಲ. 2020ರಲ್ಲಿಯೇ ರಕ್ಷಣೆ ತಪ್ಪಿದ ವಿಂಡೋಸ್ 7ರಲ್ಲಿಯೂ, 2014ರಲ್ಲಿಯೇ ತಪ್ಪಿದ ಎಕ್ಸ್‌ಪಿಯಲ್ಲಿಯೂ ನಿಂತವರು. ಪಾಠಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದ ನಮಗೆ ಯಂತ್ರವಿದ್ಯೆಯಲ್ಲಿ ಪಾಂಡಿತ್ಯವಿಲ್ಲ. ಆದರೆ ಎರಡು ದಶಕಗಳಿಂದ ಪ್ರತಿರಾತ್ರಿಯೂ ಈ ಯಂತ್ರಗಳ ಮುಂದೆ ಕುಳಿತು ಪತ್ರಿಕೆಯ ಪುಟಗಳನ್ನು ಕಟ್ಟಿಸಿದ ಅನುಭವವುಂಟಾದುದರಿಂದ ನಾಲ್ಕು ಮಾತುಗಳನ್ನು ಬರೆಯಲು ಧೈರ್ಯಮಾಡಿದ್ದೇವೆ.

ರಕ್ಷಣೆ ಮುಗಿಯಿತೆಂದರೆ ಯಂತ್ರವು ಮರುದಿನ ನಿಂತುಹೋಗುವುದೆಂದು ಅರ್ಥವಲ್ಲ. ಆ ವ್ಯವಸ್ಥೆಯ ಗೋಡೆಯಲ್ಲಿ ಇನ್ನು ಮುಂದೆ ಕಾಣಿಸಿಕೊಳ್ಳುವ ಬಿರುಕುಗಳನ್ನು ಮುಚ್ಚುವವರಿಲ್ಲವೆಂದಷ್ಟೇ ಅರ್ಥವು. ಇದರಿಂದಾಗುವ ಅನರ್ಥವನ್ನು ಲೋಕವು ಒಮ್ಮೆ ಕಣ್ಣಾರೆ ಕಂಡಿದೆ. 2017ನೆಯ ಇಸವಿಯ ಮೇ 12ರಂದು ವಾನಾಕ್ರೈ ಎಂಬ ಹಾವಳಿಯು ಎದ್ದು, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಯಂತ್ರಗಳಲ್ಲಿದ್ದ ಕಡತಗಳಿಗೆ ಬೀಗ ಹಾಕಿ, ಹಣ ತೆತ್ತರೆ ಮಾತ್ರ ತೆರೆಯುವೆವೆಂದು ಬೆದರಿಸಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳ ಭೇಟಿಗಳೂ ಶಸ್ತ್ರಚಿಕಿತ್ಸೆಗಳೂ ರದ್ದಾದವು. ಇಲ್ಲಿ ಒಂದು ವಿಚಿತ್ರವನ್ನು ವಾಚಕರು ಗಮನಿಸತಕ್ಕದ್ದು. ಅಲ್ಲಿ ಕೆಟ್ಟ ಯಂತ್ರಗಳಲ್ಲಿ ಬಹುಪಾಲು ಎಕ್ಸ್‌ಪಿಯವಲ್ಲ, ಆಗ ಇನ್ನೂ ರಕ್ಷಣೆಯಲ್ಲಿದ್ದ ವಿಂಡೋಸ್ 7ರವು. ಬಿರುಕನ್ನು ಮುಚ್ಚುವ ತೇಪೆಯು ಅದೇ ವರ್ಷದ ಮಾರ್ಚಿಯಲ್ಲಿಯೇ ಹೊರಟಿದ್ದಿತು, ಹಚ್ಚುವವರು ಹಚ್ಚಿರಲಿಲ್ಲ. ಆದುದರಿಂದ ಹಳೆಯದೆಲ್ಲವೂ ಅಪಾಯವು, ಹೊಸದೆಲ್ಲವೂ ಕ್ಷೇಮವು ಎಂಬ ವರ್ತಕರ ಮಾತನ್ನು ನಾವು ಒಪ್ಪುವವರಲ್ಲ. ಆದರೆ ತೇಪೆಯಿದ್ದೂ ಹಚ್ಚದವನಿಗೆ ಆ ಗತಿಯಾದರೆ, ತೇಪೆಯೇ ಇಲ್ಲದವನ ಗತಿಯೇನು?

ಕಂಪೆನಿಯವರನ್ನು ಹೊಗಳುವುದಕ್ಕೂ ನಮಗೆ ಕಾರಣವಿಲ್ಲ. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ರಕ್ಷಣಾ ಬಿಲ್ಲೆಯೂ, ಇಂಟೆಲ್ ಯಂತ್ರಗಳಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಪ್ರೊಸೆಸರೂ ಇರಲೇಬೇಕೆಂದು ವಿಧಿಸಿ, ಕೈಕಾಲು ಗಟ್ಟಿಯಾಗಿರುವ ಅಸಂಖ್ಯ ಯಂತ್ರಗಳನ್ನು ಅವರು ಗುಜರಿಯ ದಾರಿಗೆ ತಳ್ಳಿದ್ದಾರೆ. ಮನೆವಾರ್ತೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರ ವರೆಗೆ ಒಂದು ವರ್ಷದ ಹೆಚ್ಚಿನ ರಕ್ಷಣೆಯನ್ನು ಪ್ರಕಟಿಸಿದರಾದರೂ ಅದು ವಾಯಿದೆಯೇ ಹೊರತು ಪರಿಹಾರವಲ್ಲ.

ಆದರೆ ನಮ್ಮ ಮುದ್ರಣಾಲಯಗಳು ಹಳೆಯದಕ್ಕೆ ಅಂಟಿಕೊಂಡಿರುವುದು ಜಿಪುಣತನದಿಂದಲ್ಲವೆಂಬುದನ್ನು ಹೊರಗಿನವರು ಅರಿಯರು. ಕಾರಣವು ನಮ್ಮ ಅಕ್ಷರಗಳಲ್ಲಿಯೇ ಇದೆ. ನಾವು ಪುಟ ಕಟ್ಟಲು ಕಲಿತದ್ದು ಪೇಜ್‌ಮೇಕರಿನಲ್ಲಿ; ಅದರ ಕೊನೆಯ ಆವೃತ್ತಿಯಾದ 7.0 ಹೊರಬಂದುದು 2001ರಲ್ಲಿ. ಆ ಕಾಲದ ನುಡಿ, ಬರಹ ಮುಂತಾದ ಫಾಂಟುಗಳಲ್ಲಿ ಕನ್ನಡದ ಅಕ್ಷರಕ್ಕೆ ಸ್ವಂತ ಸ್ಥಾನವಿರಲಿಲ್ಲ. ಇಂಗ್ಲಿಷಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಒಕ್ಕಲು ಕೂಡಿಸಿದ್ದರು. ಆ ಫಾಂಟು ಇದ್ದರೆ ಕನ್ನಡವು. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯು. 1991ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಅದರದೇ ಮನೆಗಳನ್ನು ಕೊಟ್ಟ ಯೂನಿಕೋಡು ಇದ್ದರೂ ಮುದ್ರಣಾಲಯಗಳಿಗೆ ಅದು ಬಂದುದು ಬಹಳ ತಡವಾಗಿ. ನಾವು ಕೊಂಡಿದ್ದ ಒಂದು ಲಿಪಿ ತಂತ್ರಾಂಶಕ್ಕಂತೂ ಡಾಂಗಲ್ ಎಂಬ ಬೀಗವೊಂದಿತ್ತು. ಅದು ಹಳೆಯ ಪ್ರಿಂಟರಿನ ಕಿಂಡಿಗೆ ಮಾತ್ರ ಕೂಡುವಂಥದು, ಹೊಸ ಯಂತ್ರಗಳಲ್ಲಿ ಆ ಕಿಂಡಿಯೇ ಇಲ್ಲ.

ನಮ್ಮ ಕಾರ್ಯಾಲಯದಲ್ಲಿ ಮೊದಲಿನಿಂದಲೂ ಡಿ.ಟಿ.ಪಿ. ಮಾಡುತ್ತ ಬಂದವರೊಬ್ಬರಿಗೆ ಹೊಸ ಯಂತ್ರವನ್ನು ತರಿಸುವ ಮಾತನ್ನು ಹೇಳಿದಾಗ ಅವರು, "ರಾಯರೇ, ಯಂತ್ರವನ್ನು ಬೇಕಾದರೆ ನಾಳೆಯೇ ಬದಲಾಯಿಸಿರಿ. ಹಳೆಯ ಸಂಚಿಕೆಗಳನ್ನು ಆಮೇಲೆ ತೆರೆಯುವವರು ಯಾರು?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ಒಂದು ಹಾರ್ಡ್ ಡಿಸ್ಕು ಸತ್ತು, 2008ರ ಆರು ತಿಂಗಳ ಪುಟಗಳು ಹೋದವು. ಕಾಗದದ ಕಟ್ಟಿನಲ್ಲಿ ಆ ತಿಂಗಳುಗಳನ್ನು ಹುಡುಕಿದರೆ ಗೆದ್ದಲು ನಮಗಿಂತ ಮೊದಲು ಓದಿ ಮುಗಿಸಿದ್ದಿತು. ಯಂತ್ರವನ್ನು ಉಳಿಸಿಕೊಂಡರೆ ಸಂಚಿಕೆಗಳು ಉಳಿಯುವುವೆಂದು ನಂಬಿದ್ದ ನಮ್ಮ ಭ್ರಮೆಯು ಅಂದು ಹರಿಯಿತು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ಹಳೆಯ ಯಂತ್ರವು ಇರಲಿ, ಆದರೆ ಅಂತರ್ಜಾಲದ ತಂತಿಯನ್ನು ಇಂದೇ ಕೀಳಬೇಕು. ಅದರಲ್ಲಿ ಪತ್ರವ್ಯವಹಾರವಾಗಲಿ, ಬ್ಯಾಂಕಿನ ಲೆಕ್ಕವಾಗಲಿ ಕೂಡದು. ಊರೆಲ್ಲ ತಿರುಗಿ ಬಂದ ಪೆನ್ ಡ್ರೈವನ್ನು ಅದಕ್ಕೆ ಚುಚ್ಚಕೂಡದು. ಹಣವಿರುವಲ್ಲಿ ಸರಕಾರದ ಅಂಕುಶವೂ ಇರುತ್ತದೆ: ರಕ್ಷಣೆ ತಪ್ಪಿದ ವ್ಯವಸ್ಥೆಗಳನ್ನು ಎ.ಟಿ.ಎಂ.ಗಳಿಂದ 2019ರ ಜೂನಿನೊಳಗೆ ತೆಗೆಯಬೇಕೆಂದು ರಿಜರ್ವ್ ಬ್ಯಾಂಕು 2018ರಲ್ಲಿಯೇ ಬ್ಯಾಂಕುಗಳಿಗೆ ಆಜ್ಞೆ ಮಾಡಿದ್ದಿತು. ಅಕ್ಷರವಿರುವಲ್ಲಿ ಆಜ್ಞೆ ಮಾಡುವವರಿಲ್ಲ, ನಾವೇ ಮಾಡಿಕೊಳ್ಳಬೇಕು.

ಹಾಗೆ ಬೇರ್ಪಡಿಸಿಟ್ಟ ಯಂತ್ರಕ್ಕೆ ಉಳಿಯುವ ಕೆಲಸವು ಒಂದೇ, ತನ್ನ ಹೊಟ್ಟೆಯಲ್ಲಿರುವುದನ್ನು ಯೂನಿಕೋಡಿಗೆ ಒಪ್ಪಿಸುವುದು. ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಆದರೆ ಅವನ್ನು ಕಣ್ಣುಮುಚ್ಚಿ ನಂಬಬಾರದು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಕ್ಷರದ ಅನಂತರ ಇಟ್ಟಿರುತ್ತಾರೆ. ಯೂನಿಕೋಡಿನಲ್ಲಿ ರಕಾರವು ಮೊದಲು ಬರಬೇಕು. ಅರೆಬರೆ ಪರಿವರ್ತಕದ ಕೈಯಲ್ಲಿ ಧರ್ಮವು 'ಧಮರ್' ಆಗುವುದು, ಸೂರ್ಯನು 'ಸೂಯರ್' ಆಗುವನು. ಕರಡು ತಿದ್ದಲು ಬಲ್ಲ ಒಬ್ಬ ಮನುಷ್ಯನು ಇದಕ್ಕೆ ಬೇಕೇ ಬೇಕು. ಆ ವೆಚ್ಚವನ್ನು ಹೊರಲಾರದ ಸಣ್ಣ ಪತ್ರಿಕೆಗಳಿಗೆ ಸರಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರೂ ವಿಶ್ವವಿದ್ಯಾನಿಲಯಗಳೂ ನೆರವಾಗಬೇಕೆಂದು ಸೂಚಿಸುತ್ತೇವೆ. ಉತ್ಸವಗಳಿಗೆ ಸುರಿಯುವ ಹಣದಲ್ಲಿ ಒಂದು ಚಿಟಿಕೆಯಷ್ಟು ಸಾಕು.

ದಿನದ ಕೆಲಸಕ್ಕೆ ಹೊಸ ಯಂತ್ರವನ್ನು ಕೊಳ್ಳಲಾರದವರು ಇದ್ದ ಯಂತ್ರಗಳಲ್ಲೊಂದಕ್ಕೆ ಲಿನಕ್ಸನ್ನು ಹಾಕಿಸಿಕೊಳ್ಳಬಹುದು. ಕೇರಳದ ಸರಕಾರಿ ಶಾಲೆಗಳ ಮಕ್ಕಳು ಅನೇಕ ವರ್ಷಗಳಿಂದ ಅದರಲ್ಲಿಯೇ ಕಲಿಯುತ್ತಿದ್ದಾರೆ. ನಮ್ಮ ಮುದ್ರಕರಿಗೆ ಅಸಾಧ್ಯವೆಂದು ಹೇಳುವುದು ನಾಚಿಕೆಯ ಮಾತಾದೀತು. ಪೇಜ್‌ಮೇಕರಿಗೆ ಒಗ್ಗಿದ ಕೈಗೆ ಮೊದಲ ಎರಡು ತಿಂಗಳು ಕಷ್ಟವೆಂಬುದು ನಿಜ. ನಮ್ಮಲ್ಲಿಯೂ ಎರಡು ದಿನ ಪತ್ರಿಕೆಯು ತಡವಾಗಿ ಹೊರಬಿದ್ದುದನ್ನು ವಾಚಕರು ಮರೆತಿರಲಾರರು.

ನಮ್ಮ ಎಕ್ಸ್‌ಪಿ ಯಂತ್ರವು ಈಗ ಒಳಕೋಣೆಯಲ್ಲಿ, ತಂತಿಯಿಲ್ಲದೆ, ಬೀಗದ ಡಾಂಗಲನ್ನು ಕಚ್ಚಿಕೊಂಡು ಕುಳಿತಿದೆ. 2011ರ ಸಂಚಿಕೆಗಳ ಪರಿವರ್ತನೆಯು ನಡೆಯುತ್ತಲಿದೆ. 2008ರ ಜನವರಿಯಿಂದ ಜೂನಿನ ವರೆಗಿನ ನಮ್ಮ ಪತ್ರಿಕೆಯನ್ನು ಯಾರಾದರೂ ಕಟ್ಟಿಟ್ಟುಕೊಂಡಿದ್ದರೆ ಕಾರ್ಯಾಲಯಕ್ಕೆ ತಿಳಿಸಬೇಕೆಂದು ಪ್ರಾರ್ಥನೆ. ಪ್ರತಿ ಮಾಡಿಕೊಂಡು ಜೋಪಾನವಾಗಿ ಹಿಂದಿರುಗಿಸಲಾಗುವುದು.