ಅರಿಯಲಿಕ್ಕಾಗಿ ಸಂಚರಿಸೋಣ

ಭೂಮಿಯಲ್ಲಿ ಸಂಚರಿಸಿ ಗತಕಾಲದ ಜನಾಂಗಗಳ ಪರಿಣಾಮವನ್ನು ನೋಡಿರೆಂದು ಪವಿತ್ರ ಕುರ್‌ಆನ್ ಹಲವು ಕಡೆ ಕರೆ ನೀಡುತ್ತದೆ. ಮನುಷ್ಯರನ್ನು ಜನಾಂಗ, ಗೋತ್ರಗಳಾಗಿ ಮಾಡಿರುವುದು ಪರಸ್ಪರ ಅರಿತುಕೊಳ್ಳಲಿಕ್ಕಾಗಿ ಎಂದು ಅಲ್ಲಾಹನು ಸೂರಃ ಅಲ್ ಹುಜುರಾತ್‌ನಲ್ಲಿ ತಿಳಿಸುತ್ತಾನೆ. ಆದರೆ ನಮ್ಮ ಪ್ರವಾಸಗಳಲ್ಲಿ ಈ ಅರಿಯುವ ಉದ್ದೇಶಕ್ಕೆ ಎಷ್ಟು ಸ್ಥಾನವಿದೆ? ರಜೆ ಬಂದೊಡನೆ ಜಲಪಾತ, ಕಡಲ ತೀರ, ಅರಮನೆಗಳ ಪಟ್ಟಿ ಸಿದ್ಧವಾಗುತ್ತದೆ. ಅದೇ ದಾರಿಯಲ್ಲಿ ಸಿಗುವ ಬಸದಿ, ಮಠ, ಗುರುದ್ವಾರ, ಇಗರ್ಜಿಗಳ ಮುಂದೆ ನಮ್ಮ ವಾಹನ ನಿಲ್ಲುವುದೇ ಇಲ್ಲ. ನೆರೆಯವರು ಏನನ್ನು ನಂಬುತ್ತಾರೆ, ಏಕೆ ನಂಬುತ್ತಾರೆ ಎಂಬುದನ್ನು ನಮ್ಮ ಮಕ್ಕಳು ಮೊಬೈಲಿಗೆ ಬರುವ ಸಂದೇಶಗಳಿಂದ ಕಲಿಯುತ್ತಿದ್ದಾರೆ. ನಮ್ಮ ಬಗ್ಗೆ ಅವರ ಮಕ್ಕಳೂ ಅಲ್ಲಿಂದಲೇ ಕಲಿಯುತ್ತಿದ್ದಾರೆ.

ನಮ್ಮ ಪೂರ್ವಸೂರಿಗಳ ದಾರಿ ಹೀಗಿರಲಿಲ್ಲ. 973ರಲ್ಲಿ ಖ್ವಾರಿಝ್ಮ್‌ನಲ್ಲಿ ಜನಿಸಿದ ವಿದ್ವಾಂಸ ಅಲ್ ಬೀರೂನಿಯವರು 1017ರ ಬಳಿಕ ಘಝ್ನಿಯ ಮಹ್ಮೂದನ ಆಶ್ರಯಕ್ಕೆ ಬಂದರು. ಆ ದೊರೆ ಭಾರತಕ್ಕೆ ಸೈನ್ಯದೊಂದಿಗೆ ಬಂದ; ಬೀರೂನಿಯವರು ಕಲಿಯುವ ಹಂಬಲದಿಂದ ಬಂದರು. ವಯಸ್ಸು ನಲ್ವತ್ತು ದಾಟಿದ ಮೇಲೆ ಸಂಸ್ಕೃತ ಕಲಿತರು, ಹಣ ವ್ಯಯಿಸಿ ಗ್ರಂಥಗಳನ್ನು ಸಂಗ್ರಹಿಸಿದರು, ಪಂಡಿತರನ್ನು ಹುಡುಕಿದರು, ಪತಂಜಲಿಯ ಯೋಗಶಾಸ್ತ್ರವನ್ನು ಅರಬಿಗೆ ತಂದರು. ಸುಮಾರು 1030ರಲ್ಲಿ ಪೂರ್ಣಗೊಂಡ ಭಾರತ ಕುರಿತ ತಮ್ಮ ಮಹಾಗ್ರಂಥದಲ್ಲಿ ಅವರು ಒಂದು ನಿಯಮವನ್ನು ಪಾಲಿಸಿದರು: ಇದು ವಾದ ಗೆಲ್ಲಲು ಬರೆದ ಪುಸ್ತಕವಲ್ಲ, ಹಿಂದೂಗಳ ನಂಬಿಕೆಯನ್ನು ಅವರೇ ಹೇಳುವಂತೆ ಮೊದಲು ಮುಂದಿಡಬೇಕು. ವಿದ್ವಾಂಸರ ದೇವ ಪರಿಕಲ್ಪನೆಗೂ ಸಾಮಾನ್ಯ ಜನರ ಆಚರಣೆಗೂ ಇರುವ ಅಂತರವನ್ನು ಅವರು ಗುರುತಿಸಿದರು. ಒಪ್ಪಿಗೆಯಾಗದ್ದನ್ನು ಟೀಕಿಸಲು ಹಿಂಜರಿಯಲಿಲ್ಲ. ಅಷ್ಟೇ ಅಲ್ಲ, ಮಹ್ಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಗೆಡವಿದವು, ಜನರ ಮನದಲ್ಲಿ ಮುಸ್ಲಿಮರ ಬಗ್ಗೆ ತೀವ್ರ ಜಿಗುಪ್ಸೆಯನ್ನು ಬಿತ್ತಿದವು ಎಂಬುದನ್ನೂ ಮರೆಮಾಚದೆ ದಾಖಲಿಸಿದರು. ಸತ್ಯಕ್ಕೆ ಸಾಕ್ಷಿಯಾಗುವುದೆಂದರೆ ಇದೇ ಅಲ್ಲವೇ?

ಮೂರು ಶತಮಾನಗಳ ಬಳಿಕ ಬಂದ ಇಬ್ನ್ ಬತೂತರ ಸ್ವಭಾವ ಬೇರೆ. ಅವರು ಗ್ರಂಥಗಳಿಗಿಂತ ಹೆಚ್ಚಾಗಿ ಮನುಷ್ಯರನ್ನು ನೋಡಿದರು. 1325ರಲ್ಲಿ ತಾಂಜಿಯರ್‌ನಿಂದ ಹೊರಟ ಅವರು ನಮ್ಮ ಕರಾವಳಿಗೂ ಬಂದರು. ಹೊನ್ನಾವರದಲ್ಲಿ ಮಹಿಳೆಯರು ಕುರ್‌ಆನನ್ನು ಕಂಠಪಾಠ ಮಾಡಿರುವುದನ್ನೂ, ಬಾಲಕಿಯರಿಗಾಗಿ 13 ಮತ್ತು ಬಾಲಕರಿಗಾಗಿ 23 ಪಾಠಶಾಲೆಗಳಿರುವುದನ್ನೂ ಕಂಡು ಬೆರಗಾಗಿ ಬರೆದರು. ಮಲಬಾರಿನ ದಾರಿಯುದ್ದಕ್ಕೂ ಅರ್ಧ ಮೈಲಿಗೊಂದು ತಂಗುಮನೆ, ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇರುತ್ತಿದ್ದುದನ್ನು ದಾಖಲಿಸಿದರು. ಆದರೆ ಮುಸ್ಲಿಮ್ ಪಯಣಿಗನಿಗೆ ಪಾತ್ರೆ ಕೊಡದೆ ಅಂಗೈಗೆ ನೀರು ಸುರಿಯುತ್ತಿದ್ದರು ಎಂಬುದನ್ನೂ ಜೊತೆಯಲ್ಲೇ ಬರೆದರು. ನೀರು ಕೊಟ್ಟ ಔದಾರ್ಯವನ್ನು ಅವರು ಮರೆಯಲಿಲ್ಲ, ಪಾತ್ರೆ ಕೊಡದ ಕಹಿಯನ್ನು ಮುಚ್ಚಿಡಲೂ ಇಲ್ಲ. ಒಂದು ನಾಡನ್ನು ಅರಿಯಬಯಸುವವನಿಗೆ ಈ ಎರಡೂ ಬೇಕು.

ಇಲ್ಲಿ ಹೆತ್ತವರ ಮನದಲ್ಲಿ ಒಂದು ಆತಂಕ ಮೂಡುವುದು ಸಹಜ. ಅನ್ಯ ಧರ್ಮಗಳ ಕೇಂದ್ರಗಳಿಗೆ ಕರೆದೊಯ್ದರೆ ಮಕ್ಕಳ ಏಕದೇವ ವಿಶ್ವಾಸ ಸಡಿಲಗೊಳ್ಳದೇ? ಈ ಆತಂಕವನ್ನು ಹಗುರವಾಗಿ ಕಾಣಬಾರದು. ತೌಹೀದ್ ನಮ್ಮ ಬದುಕಿನ ಬುನಾದಿ. ಅದರ ವಿಷಯದಲ್ಲಿ ರಾಜಿಗೆ ಎಡೆಯಿಲ್ಲ. ಆದರೆ ಅರಿಯುವುದು ಬೇರೆ, ಆರಾಧನೆಯಲ್ಲಿ ಪಾಲ್ಗೊಳ್ಳುವುದು ಬೇರೆ. ಬೀರೂನಿಯವರು ಭಾರತದ ಶಾಸ್ತ್ರಗಳಲ್ಲಿ ವರ್ಷಗಟ್ಟಲೆ ಮುಳುಗಿದರೂ ತಮ್ಮ ವಿಶ್ವಾಸದಲ್ಲಿ ಅಚಲರಾಗಿದ್ದರು. ನಜ್ರಾನಿನ ಕ್ರೈಸ್ತ ನಿಯೋಗವು ಮದೀನಕ್ಕೆ ಬಂದಾಗ ಪ್ರವಾದಿವರ್ಯರು(ಸ) ಅವರನ್ನು ಮಸೀದಿಯಲ್ಲೇ ಬರಮಾಡಿಕೊಂಡರು, ಅವರ ಪ್ರಾರ್ಥನೆಗೆ ಅಡ್ಡಿಪಡಿಸಲಿಲ್ಲ ಎಂದು ಸೀರಃ ಗ್ರಂಥಗಳು ತಿಳಿಸುತ್ತವೆ. ಮಠಗಳು, ಇಗರ್ಜಿಗಳು, ಯಹೂದಿ ಆರಾಧನಾಲಯಗಳು ಧ್ವಂಸವಾಗದಂತೆ ತಡೆಯುವ ದೇವವ್ಯವಸ್ಥೆಯನ್ನು ಕುರ್‌ಆನ್ ಮಸೀದಿಗಳ ಜೊತೆಗೇ ಪ್ರಸ್ತಾಪಿಸುತ್ತದೆ. ಅನ್ಯರ ಆರಾಧ್ಯರನ್ನು ನಿಂದಿಸುವುದನ್ನು ಅದು ನಿಷೇಧಿಸಿದೆ. ತಿಳಿಯದವನ ಬಾಯಿಗೆ ನಿಂದೆ ಬೇಗ ಬರುತ್ತದೆ ಎಂಬುದು ನಾವೆಲ್ಲರೂ ಕಾಣುತ್ತಿರುವ ಸತ್ಯ. ನೆರೆಯವರ ಹೆಸರು ಕೇಳಿದೊಡನೆ ಕುಸಿಯುವ ವಿಶ್ವಾಸವಾದರೆ, ಮಕ್ಕಳನ್ನು ಮನೆಯೊಳಗೆ ಕೂರಿಸಿಯೂ ಅದನ್ನು ಉಳಿಸಿಕೊಳ್ಳಲಾಗದು.

ಆದ್ದರಿಂದ ಮುಂದಿನ ರಜೆಯಲ್ಲಿ ಒಂದು ದಿನವನ್ನಾದರೂ ಇದಕ್ಕಾಗಿ ಮೀಸಲಿಡೋಣ. ದೂರ ಹೋಗಬೇಕಾಗಿಲ್ಲ. 12ನೇ ಶತಮಾನದ ಶರಣರ ನೆನಪಿನ ಬಸವಕಲ್ಯಾಣ, ಬೀದರಿನ ನಾನಕ್ ಝೀರಾ ಗುರುದ್ವಾರ, ಜೈನರ ಶ್ರವಣಬೆಳಗೊಳ, ಟಿಬೆಟಿನ ನಿರಾಶ್ರಿತರು ನೆಲೆಸಿರುವ ಬೈಲಕುಪ್ಪೆ, ಎಲ್ಲವೂ ನಮ್ಮ ರಾಜ್ಯದಲ್ಲೇ ಇವೆ. ಹೊರಡುವ ಮುನ್ನ ಮಕ್ಕಳಿಗೆ ಕೆಲವು ಶಿಷ್ಟಾಚಾರಗಳನ್ನು ಕಲಿಸೋಣ. ಪ್ರವೇಶಕ್ಕೆ ಅನುಮತಿ ಕೇಳಬೇಕು. ಇಲ್ಲವೆಂದ ಕಡೆ ಒತ್ತಾಯಿಸಬಾರದು. ಅಲ್ಲಿನವರ ಮಾತನ್ನು ತುಂಡರಿಸದೆ ಪೂರ್ತಿಯಾಗಿ ಆಲಿಸಬೇಕು. ಪೂಜೆ, ಆರತಿಯ ಸಂದರ್ಭದಲ್ಲಿ ವಿನಯದಿಂದ ಹಿಂದೆ ಸರಿಯಬೇಕು. ಏಕೆಂದು ಕೇಳಿದರೆ ನಮ್ಮ ವಿಶ್ವಾಸವನ್ನು ಸಂಕೋಚವಿಲ್ಲದೆ ವಿವರಿಸಬೇಕು. ಮನೆಗೆ ಮರಳಿದ ಮೇಲೆ ನಾವು ಒಪ್ಪುವುದೇನು, ಒಪ್ಪದಿರುವುದೇನು, ಏಕೆ ಎಂದು ಮಕ್ಕಳೊಂದಿಗೆ ಮುಕ್ತವಾಗಿ ಚರ್ಚಿಸಬೇಕು.

ಇದರ ಇನ್ನರ್ಧವೂ ನಮ್ಮ ಹೊಣೆಯೇ. ನಮ್ಮ ಮಸೀದಿಗಳ ಪಕ್ಕದಲ್ಲೇ ಬದುಕು ಸವೆಸಿದರೂ ಒಳಗೆ ಏನು ನಡೆಯುತ್ತದೆಂದು ತಿಳಿಯದ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಕೇಳಲಿಲ್ಲ ಎಂದು ದೂರುವ ಮೊದಲು ನಾವು ಕರೆದಿದ್ದೇವೆಯೇ ಎಂದು ಯೋಚಿಸೋಣ. ಅವರನ್ನು ಆದರದಿಂದ ಆಹ್ವಾನಿಸೋಣ, ಅಝಾನ್‌ನ ಅರ್ಥವನ್ನು ಕನ್ನಡದಲ್ಲೇ ತಿಳಿಸೋಣ, ಅವರ ಪ್ರಶ್ನೆಗಳಿಗೆ ತಾಳ್ಮೆಯಿಂದ ಉತ್ತರಿಸೋಣ. ಪರಸ್ಪರ ಅರಿಯಿರೆಂಬ ದೇವಾಜ್ಞೆಯನ್ನು ಪಾಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.