ಡ್ರೋನ್ ಮೇಲೆ ಹಾರಲಿ, ನಮ್ಮ ಗಾಡಿ ಚೈನ್ ಮೇಲೆ ಓಡಲಿ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಒಂದು ನೇರ ಪ್ರಶ್ನೆ. ಅಕ್ಟೋಬರ್ ಚಾಟ್ನಿ ಆದ ಮೇಲೆ ನಿಮ್ಮ ತೋಟದಲ್ಲಿ ಎಣ್ಣೆ ಹೊಡೆಯುವವರು ಯಾರು? ದೊಡ್ಡ ತೋಟವಾದರೆ ಮಿನಿ ಟ್ರ್ಯಾಕ್ಟರ್ ಹಿಂದೆ ಬ್ಲೋವರ್ ಕಟ್ಟಿಕೊಂಡು ಒಬ್ಬ ಹುಡುಗ. ಎಕರೆ, ಎರಡೆಕರೆ ತೋಟವಾದರೆ ಪೈಪ್ ಹಿಡಿದ ನೀವೇ, ಇಲ್ಲವೇ ಬೆನ್ನಿಗೆ ಪಂಪು ಹೊತ್ತ ಕೂಲಿಯವರು. ಮೂವರಿಗೂ ಒಂದೇ ಗತಿ. ಹಂದರದ ಕೆಳಗೆ ಗಾಳಿ ಆಡುವುದಿಲ್ಲ. ಹೊಡೆದ ಔಷಧ ಮಂಜಿನಂತೆ ಅಲ್ಲೇ ನಿಲ್ಲುತ್ತದೆ. ಅದನ್ನು ಎಲೆ ಕುಡಿಯುವ ಮೊದಲು ಮನುಷ್ಯ ಕುಡಿಯುತ್ತಾನೆ.

ಇದು ಹೆದರಿಸಲು ಹೇಳುವ ಮಾತಲ್ಲ. 2017ರಲ್ಲಿ ಪಕ್ಕದ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುವಾಗ ವಿಷವೇರಿ ಇಪ್ಪತ್ತಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಅದು ಬಯಲಲ್ಲಿ ಬೆಳೆಯುವ ಹತ್ತಿ. ನಮ್ಮದು ತಲೆ ಮೇಲೆ ಚಪ್ಪರ ಹಾಕಿದ ದ್ರಾಕ್ಷಿ.

ಇದಕ್ಕೆ ಈಗ ಎಲ್ಲರೂ ಹೇಳುವ ಉತ್ತರ ಡ್ರೋನ್. ಕೇಂದ್ರ ಸರ್ಕಾರದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಗುರಿ ಇದೆ. ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನ. ಅಂದರೆ ಒಂದು ಡ್ರೋನ್ ಮತ್ತು ಅದರ ಸಾಮಾನು ಸೇರಿ 10 ಲಕ್ಷದ ಲೆಕ್ಕ. ತೊಗರಿ, ಕಬ್ಬಿಗೆ ಅದು ಉಪಯೋಗ ಆಗಬಹುದು, ನಾವು ಬೇಡ ಅನ್ನುವುದಿಲ್ಲ. ಆದರೆ ದ್ರಾಕ್ಷಿಗೆ?

ದಾವಣಿ ರೋಗ ಎಲ್ಲಿ ಕೂರುತ್ತದೆ ಎಂದು ಬೆಳೆಗಾರರಿಗೆ ನಾವು ಹೇಳಿಕೊಡಬೇಕಿಲ್ಲ. ಎಲೆ ಮಗುಚಿ ನೋಡಿದರೆ ಬಿಳಿ ಬೂಸ್ಟು ಕಾಣುವುದು ಅಡಿಭಾಗದಲ್ಲಿ. ಡ್ರೋನ್ ಹೊಡೆಯುವುದು ಮೇಲಿನಿಂದ. ಹತ್ತು ಲೀಟರಿನ ಟ್ಯಾಂಕ್ ಹೊತ್ತು, ತೆಳು ಹನಿ ಉದುರಿಸಿ, ಕೆಲವೇ ನಿಮಿಷದಲ್ಲಿ ಬ್ಯಾಟರಿ ಬದಲಿಸಲು ಇಳಿಯುತ್ತದೆ. ಎಲೆ ತುಂಬಿದ ಹಂದರಕ್ಕೆ ಎಕರೆಗೆ ನೂರಾರು ಲೀಟರ್ ಬೇಕು, ಅದೂ ಕೆಳಗಿನಿಂದ ಮೇಲಕ್ಕೆ ಹೊಡೆಯಬೇಕು. ನೆಲದ ಮೇಲೆ ಮಾಡುವ ಕೆಲಸಕ್ಕೆ ಆಕಾಶದಲ್ಲಿ ಉತ್ತರ ಹುಡುಕಿದರೆ ಸಿಗುತ್ತದೆಯೇ?

ಬೇಕಾದದ್ದು ನೆಲದ ಮೇಲೆ, ಸಾಲಿನ ನಡುವೆ, ಮನುಷ್ಯ ನಡೆಯುವ ವೇಗದಲ್ಲಿ ಹೋಗುವ ಸಣ್ಣ ಗಾಡಿ. ರಿಮೋಟ್ ಹಿಡಿದವರು ಗಾಳಿ ಬರುವ ಕಡೆ, ಮಂಜಿನಿಂದ ದೂರ ನಿಲ್ಲಬೇಕು. ಈ ಗಾಡಿ ಕಟ್ಟುವ ಶಕ್ತಿ ವಿಜಯಪುರದ ಲೇಥ್ ಅಂಗಡಿ, ವೆಲ್ಡಿಂಗ್ ಅಂಗಡಿ, ಸೈಕಲ್ ಅಂಗಡಿಗಳಿಗೆ ಇದೆ ಎಂಬುದೇ ನಮ್ಮ ವಾದ. ಇಲ್ಲದಿರುವುದು ಅವರನ್ನು ನಂಬುವ ಮನಸ್ಸು.

ಲೆಕ್ಕ ಹಾಕಿ ನೋಡ್ರಿ

ಇದು ಬರೀ ಹುಮ್ಮಸ್ಸಿನ ಮಾತು ಅನ್ನಿಸಬಾರದು, ಅದಕ್ಕೇ ಲೆಕ್ಕ ಕೊಡುತ್ತೇವೆ.

100 ಲೀಟರ್ ಔಷಧ, ಆಂಗಲ್ ಫ್ರೇಮು, ಬ್ಯಾಟರಿ, ಪಂಪು ಎಲ್ಲ ಸೇರಿ ಗಾಡಿ 150 ಕೆಜಿ ಎಂದುಕೊಳ್ಳಿ. ಸಡಿಲ ಮಣ್ಣು ಮತ್ತು ಸ್ವಲ್ಪ ಏರು ಇದ್ದಲ್ಲಿ ಅದನ್ನು ಎಳೆಯಲು 35 ಕೆಜಿಯಷ್ಟು ಬಲ ಬೇಕು. ಹಿಂದೆ ಎರಡು ಹಳೆಯ ಸ್ಕೂಟರ್ ಗಾಲಿ, ಟೈರ್ ಸೇರಿ 17 ಇಂಚಿನವು. ಮುಂದೆ ಸುತ್ತಲೂ ತಿರುಗುವ ಒಂದು ಗಾಲಿ. ಹಿಂದಿನ ಒಂದೊಂದು ಗಾಲಿಗೆ ಒಂದೊಂದು ಮೋಟಾರ್. ಒಂದು ಜೋರು, ಒಂದು ನಿಧಾನ ಓಡಿದರೆ ಗಾಡಿ ತಿರುಗುತ್ತದೆ. ಬೇರೆ ಸ್ಟೇರಿಂಗ್ ಬೇಕಿಲ್ಲ.

ಇ-ಸೈಕಲ್‌ಗೆ ಮಾರುವ ಗೇರ್ ಸೇರಿದ 24 ವೋಲ್ಟ್, 350 ವ್ಯಾಟ್ ಮೋಟಾರ್ ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತದೆ. ಅದನ್ನು ನೇರ ಗಾಲಿಗೆ ಕಟ್ಟಿದರೆ ಗಾಡಿಯ ವೇಗ ಗಂಟೆಗೆ 24 ಕಿ.ಮೀ. ಆಗಬೇಕು. ಅಷ್ಟು ವೇಗ ನಮಗೆ ಬೇಡ, ಈ ಭಾರ ಹೊತ್ತು ಅದು ಓಡುವುದೂ ಇಲ್ಲ. ಮೋಟಾರ್ ಕಂತುತ್ತದೆ, ಸುಡುತ್ತದೆ. ಇಲ್ಲಿ ಚೈನ್ ಬರುತ್ತದೆ. ಮೋಟಾರಿನ ತುದಿಗೆ 9 ಹಲ್ಲಿನ ಸ್ಪ್ರಾಕೆಟ್, ಗಾಲಿಗೆ ಸೈಕಲ್ ಪೆಡಲ್ ಹತ್ತಿರ ಇರುವ 44 ಹಲ್ಲಿನ ದೊಡ್ಡ ಚಕ್ರ. 44ನ್ನು 9ರಿಂದ ಭಾಗಿಸಿದರೆ ಹತ್ತಿರ ಹತ್ತಿರ 5. ವೇಗ ಐದನೇ ಒಂದು ಭಾಗಕ್ಕೆ ಇಳಿಯುತ್ತದೆ, ತಿರುಗಿಸುವ ಬಲ ಐದು ಪಟ್ಟು ಏರುತ್ತದೆ. ಗಾಲಿ ನಿಮಿಷಕ್ಕೆ 61 ಸುತ್ತು, ಗಾಡಿ ಗಂಟೆಗೆ 5 ಕಿ.ಮೀ. ಭಾರ ಬಿದ್ದಾಗ ಇನ್ನೂ ಕಡಿಮೆ. ಎಣ್ಣೆ ಹೊಡೆಯಲು ತಕ್ಕ ನಡಿಗೆ.

ಸೈಕಲ್ ಚೈನ್ ತಡೆಯುತ್ತದೆಯೇ ಎಂದು ಕೇಳುವವರಿಗೂ ಲೆಕ್ಕವೇ ಉತ್ತರ. ಪೂರ್ತಿ ಭಾರದಲ್ಲಿ ಈ ಮೋಟಾರ್ ಚೈನ್ ಮೇಲೆ ಹಾಕುವ ಎಳೆತ ಸುಮಾರು 60 ಕೆಜಿ. ಏರಿನಲ್ಲಿ ಪೆಡಲ್ ಮೇಲೆ ಎದ್ದು ನಿಂತ 60 ಕೆಜಿ ಮನುಷ್ಯ ಅದೇ ಚೈನ್ ಮೇಲೆ 110 ಕೆಜಿಗೂ ಹೆಚ್ಚು ಎಳೆತ ಹಾಕುತ್ತಾನೆ. ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರ್ ಕಟ್ಟಿಕೊಂಡು ಅಪ್ಪ, ಕಾಕಾ ತುಳಿದ ಚೈನ್ ಇದೇ ಅಲ್ಲವೇ?

ಹ್ಯಾನ್ಸ್ ರೆನಾಲ್ಡ್ ಎಂಬಾತ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ಈ ಬಗೆಯ ಉರುಳೆ ಚೈನಿಗೆ ಪೇಟೆಂಟ್ ಪಡೆದ. ಐದು ವರ್ಷದಲ್ಲಿ ಹಿಂದಿನ ಗಾಲಿಗೆ ಚೈನ್ ಹಾಕಿದ ಸೈಕಲ್ ಬಂತು. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಬಿಚ್ಚಿ ಜೋಡಿಸಲು ಬಾರದ ಊರು ಇಲ್ಲ. ನಮ್ಮ ಗಾಡಿಗೆ ಬೇಕಾದದ್ದು ಇಂಥ ತಂತ್ರಜ್ಞಾನ.

ಕೆಡುವುದು ಎಲ್ಲಿ

ಚೈನಿನಲ್ಲಿ ದೋಷ ಇಲ್ಲ ಎಂದಲ್ಲ. ದೋಷ ಬರುವ ಜಾಗ ಗೊತ್ತಿದ್ದರೆ ಸಾಕು.

ಒಂದು, ಸೈಕಲ್ಲಿನ ಹಿಂದಿನ ಫ್ರೀವೀಲ್ ಹಾಕಬೇಡಿ. ಅದು ಒಂದೇ ಕಡೆ ಎಳೆಯುತ್ತದೆ. ಗಾಡಿ ಹಿಂದಕ್ಕೆ ಬರುವುದಿಲ್ಲ, ಇಳಿಜಾರಿನಲ್ಲಿ ಮೋಟಾರ್ ಹಿಡಿಯುವುದೂ ಇಲ್ಲ. ದೊಡ್ಡ ಚಕ್ರವನ್ನು ಗಾಲಿಯ ಹಬ್ಬಿಗೆ ಬೋಲ್ಟ್ ಹಾಕಿ ಗಟ್ಟಿ ಕೂರಿಸಬೇಕು.

ಎರಡು, ಸೈಕಲ್ ಚೈನ್ ಮತ್ತು ಬೈಕಿನ ಸ್ಪ್ರಾಕೆಟ್ ಬೆರೆಸಬೇಡಿ. ಎರಡರಲ್ಲೂ ಹಲ್ಲಿಂದ ಹಲ್ಲಿಗೆ ಅರ್ಧ ಇಂಚು ಇರಬಹುದು, ಆದರೆ ಬೈಕಿನ ಹಲ್ಲು ದಪ್ಪ. ಸೈಕಲ್ ಚೈನ್ ಅದರ ಮೇಲೆ ಕೂರುವುದಿಲ್ಲ.

ಮೂರು, ಎರಡೂ ಚಕ್ರ ಒಂದೇ ಗೆರೆಯಲ್ಲಿ ಇರಬೇಕು. ದಾರ ಎಳೆದು ನೋಡಿ. ಸೊಟ್ಟಾದರೆ ಚೈನ್ ಕಳಚುತ್ತದೆ. ಮೋಟಾರ್ ಕೂರಿಸುವ ತೂತನ್ನು ಉದ್ದ ಮಾಡಿಸಿದರೆ ಬೇಕಾದಾಗ ಬಿಗಿ ಮಾಡಬಹುದು. ಮಧ್ಯದಲ್ಲಿ ಬೆರಳಿಂದ ಒತ್ತಿದರೆ ಅರ್ಧ ಇಂಚು ಆಡಬೇಕು. ಹೆಚ್ಚು ಸಡಿಲ ಬೇಡ, ಹಗ್ಗದಂತೆ ಬಿಗಿಯೂ ಬೇಡ.

ನಾಲ್ಕು, ಗ್ರೀಸ್ ಮೆತ್ತಬೇಡಿ. ಎರೆ ಮಣ್ಣಿನ ಧೂಳು ಗ್ರೀಸಿಗೆ ಸೇರಿದರೆ ಅರದಂತೆ ಸವೆಸುತ್ತದೆ. ತೆಳು ಎಣ್ಣೆ ಬಿಟ್ಟು ಬಟ್ಟೆಯಿಂದ ಒರೆಸಿ. ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ ಒಂದು ಅಡಿ. ಅದೇ 24 ಕೊಂಡಿ ಒಂದಡಿಗಿಂತ ಒಂದು ನೂಲು ಹೆಚ್ಚು ಬಂದರೆ ಚೈನ್ ಬದಲಿಸಿ.

ಐದು, ಚೈನಿಗೆ ತಗಡಿನ ಮುಚ್ಚಳ ಕಡ್ಡಾಯ. ಸೀರೆ ಸೆರಗು, ಮಕ್ಕಳ ಬೆರಳು, ಎರಡಕ್ಕೂ ತೆರೆದ ಚೈನ್ ಶತ್ರು.

ಆರು, ರಿಮೋಟಿನ ಸಿಗ್ನಲ್ ತಪ್ಪಿದ ತಕ್ಷಣ ಮೋಟಾರ್ ನಿಲ್ಲುವಂತೆ ರಿಸೀವರ್ ಹೊಂದಿಸಬೇಕು. 2.4 ಗಿಗಾಹರ್ಟ್ಸ್ ರಿಮೋಟಿಗೆ ಲೈಸೆನ್ಸ್ ಬೇಡ, ಆದರೆ ಒದ್ದೆ ಎಲೆ ಅದರ ಸಿಗ್ನಲ್ ನುಂಗುತ್ತದೆ. ಗಾಡಿ ಮೇಲೆ ಒತ್ತಿದರೆ ಎಲ್ಲ ನಿಲ್ಲುವ ಕೆಂಪು ಬಟನ್ ಇರಲಿ. ಕಣ್ಣಿಗೆ ಕಾಣದಷ್ಟು ದೂರ ಗಾಡಿ ಬಿಡಬಾರದು.

ಬರುವ ಆಕ್ಷೇಪಗಳು

“ಗಾಲಿಯೊಳಗೇ ಮೋಟಾರ್ ಇರುವ ಹಬ್ ಮೋಟಾರ್ ಬಂದಿದೆಯಲ್ಲ, ಚೈನ್ ಯಾಕೆ?” ಅದು ರಸ್ತೆಯ ವೇಗಕ್ಕೆ ಮಾಡಿದ್ದು. ಭಾರ ಹೊತ್ತು ನಿಧಾನ ತೆವಳಿಸಿದರೆ ಕಾಯುತ್ತದೆ. ಒಳಗೆ ಸುಟ್ಟರೆ ತಿಕೋಟಾದಲ್ಲಿ ಬಿಚ್ಚುವವರು ಯಾರು? ಚೈನ್ ಹರಿದರೆ ಒಂದು ಕೊಂಡಿ ಹಾಕಿ ಅದೇ ದಿನ ಮತ್ತೆ ಓಡಿಸಬಹುದು. ದಾವಣಿ ಬಂದಾಗ ಮೂರು ದಿನ ಕಾಯುವ ಬೆಳೆ ದ್ರಾಕ್ಷಿ ಅಲ್ಲ.

“ಮಿನಿ ಟ್ರ್ಯಾಕ್ಟರ್ ಇದೆಯಲ್ಲ?” ಇದ್ದವರಿಗೆ ಇದೆ. ಅದರ ಸೀಟಿನ ಮೇಲೆ ಕೂತವನೂ ಮನುಷ್ಯನೇ. ಇಲ್ಲದವರು ಹೆಚ್ಚು, ಅವರಿಗಾಗಿ ಈ ಮಾತು.

“ಹಳ್ಳಿಯವರು ಮಾಡಿದ್ದು ಬಾಳಿಕೆ ಬರುತ್ತದೆಯೇ?” ಈ ಪ್ರಶ್ನೆಗೆ ಮಾತ್ರ ನಮಗೆ ಸಿಟ್ಟು ಬರುತ್ತದೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರು ಹುಣಸೆ ಬೀಜ ಬೇರ್ಪಡಿಸುವ ಯಂತ್ರ ಮಾಡಿದರು, ಬಿತ್ತುವ ಕೂರಿಗೆ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯಿ ಜಗಾನಿ 1990ರ ದಶಕದಲ್ಲಿ ಬುಲೆಟ್ ಬೈಕಿಗೆ ಕುಂಟೆ ಕಟ್ಟಿ ‘ಬುಲೆಟ್ ಸಾಂತಿ’ ಮಾಡಿದರು. ಇವರಿಗೆ ಯಾವ ಕಿಟ್ಟೂ ಪೆಟ್ಟಿಗೆಯಲ್ಲಿ ಬಂದಿರಲಿಲ್ಲ.

ಕಿಟ್ ಪೆಟ್ಟಿಗೆ ಮತ್ತು ಸೈಕಲ್ ಅಂಗಡಿ

ಕಿಟ್ ಅಂದಾಗ ಇನ್ನೊಂದು ಮಾತು. ಅಟಲ್ ಟಿಂಕರಿಂಗ್ ಲ್ಯಾಬ್‌ಗೆ ಆಯ್ಕೆಯಾದ ಶಾಲೆಗೆ ಕೇಂದ್ರದಿಂದ 20 ಲಕ್ಷ ರೂಪಾಯಿವರೆಗೆ ಅನುದಾನ ಇದೆ. ಒಳ್ಳೆಯದೇ. 2025ರ ಬಜೆಟ್‌ನಲ್ಲಿ ಸರ್ಕಾರಿ ಶಾಲೆಗಳಿಗೆ ಐದು ವರ್ಷದಲ್ಲಿ ಇಂಥ 50,000 ಲ್ಯಾಬ್ ಎಂದೂ ಘೋಷಣೆ ಆಗಿದೆ. ಆದರೆ ಮಕ್ಕಳು ಅಲ್ಲಿ ಮಾಡುವ ರೋಬೊ ನುಣುಪು ಟೇಬಲ್ ಮೇಲೆ ಓಡಿ, ಪ್ರದರ್ಶನ ಮುಗಿದ ಮೇಲೆ ಮತ್ತೆ ಪೆಟ್ಟಿಗೆ ಸೇರಿದರೆ ಏನು ಬಂತು? 9 ಹಲ್ಲಿಗೂ 44 ಹಲ್ಲಿಗೂ ಇರುವ ಸಂಬಂಧವನ್ನು ಅನುಪಾತದ ಪಾಠದಲ್ಲಿ ಓದಿದ ಮಗು, ಶಾಲೆ ಎದುರಿನ ಸೈಕಲ್ ಅಂಗಡಿಯಲ್ಲಿ ಅದನ್ನು ಕೈಯಿಂದ ತಿರುಗಿಸಿ ನೋಡಲಿ. ಪಂಕ್ಚರ್ ಹಾಕುವ ಕಾಕಾನನ್ನು ವಾರಕ್ಕೊಂದು ದಿನ ಲ್ಯಾಬಿಗೆ ಕರೆದು, ಕುರ್ಚಿ ಹಾಕಿ, ಗೌರವಧನ ಕೊಟ್ಟು ಕಲಿಸಲು ಹೇಳಲಿ. ಮಾಸ್ತರರ ಮರ್ಯಾದೆ ಇದರಿಂದ ಕಡಿಮೆ ಆಗುವುದಿಲ್ಲ.

ನಾವು ಕೇಳುವುದು ಮೂರೇ. ಹಿಟ್ಟಿನಹಳ್ಳಿ ಕೃಷಿ ಮಹಾವಿದ್ಯಾಲಯ, ಕೃಷಿ ವಿಜ್ಞಾನ ಕೇಂದ್ರ ಮತ್ತು ನಗರದ ಎಂಜಿನಿಯರಿಂಗ್, ಐಟಿಐ ವಿದ್ಯಾರ್ಥಿಗಳು ಸೇರಿ ಒಂದು ನಿಜವಾದ ದ್ರಾಕ್ಷಿ ತೋಟದಲ್ಲಿ ಇಂಥ ಗಾಡಿಯನ್ನು ಒಂದು ಹಂಗಾಮು ಓಡಿಸಿ ನೋಡಲಿ, ಎಲೆಯ ಅಡಿಗೆ ಎಷ್ಟು ಔಷಧ ತಲುಪಿತು ಎಂದು ಅಳೆದು ಹೇಳಲಿ. ಪಾಸಾದ ಗಾಡಿ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗಲಿ. ಕಂಪನಿಯ ಯಂತ್ರಕ್ಕೆ ಸಿಗುವ ಸಹಾಯಧನ, ಪರೀಕ್ಷೆ ಪಾಸಾದ ಊರ ಯಂತ್ರಕ್ಕೂ ಸಿಗಲಿ.

ಅಲ್ಲಿವರೆಗೆ ಕಾಯಬೇಕಿಲ್ಲ. ಐಟಿಐ ಮುಗಿಸಿ ಕಟ್ಟೆ ಮೇಲೆ ಕೂತ ತಮ್ಮಂದಿರೇ, ಡಿಪ್ಲೊಮಾ ಮುಗಿಸಿ ಪುಣೆ ಬಸ್ಸಿಗೆ ಕಾಯುತ್ತಿರುವ ತಂಗಿಯರೇ, ಗುಜರಿ ಅಂಗಡಿಗೆ ಒಮ್ಮೆ ಹೋಗಿ ಬನ್ನಿ. ಮೊದಲ ಗಾಡಿಯನ್ನು ಬರೀ ನೀರು ತುಂಬಿ ಓಡಿಸಿ. ಚೈನ್ ಕಳಚುತ್ತದೆ, ಜನ ನಗುತ್ತಾರೆ. ಮೋಟಾರ್ ಅರ್ಧ ಇಂಚು ಹಿಂದೆ ಸರಿಸಿ ಬಿಗಿ ಮಾಡಿ, ಮತ್ತೆ ಓಡಿಸಿ. ಮುಂದಿನ ಚಾಟ್ನಿ ಬರುವಷ್ಟರಲ್ಲಿ ನಿಮ್ಮ ಊರಿನ ಒಬ್ಬ ಕೂಲಿಕಾರನಾದರೂ ಮಂಜಿನಿಂದ ಹೊರಗೆ ನಿಂತು ಕೆಲಸ ಮಾಡುವಂತಾದರೆ, ನಕ್ಕವರೇ ಬಂದು ಗಾಡಿ ಬಾಡಿಗೆ ಕೇಳುತ್ತಾರೆ.