ರಿಜಿಸ್ಟರಿನಲ್ಲಿ ಇಲ್ಲದವರು



ನಿನ್ನೆ ಗೆಳೆಯನೊಬ್ಬ ಒಂದು ರೀಲ್ ಕಳಿಸಿದ್ದ. ಕೊಡಗಿನ ಯಾವುದೋ ಹೊಳೆದಂಡೆಯ ಕ್ಯಾಂಪ್. ಟೆಂಟಿನ ಜಿಪ್ ಎಳೆದರೆ ಎದುರಿಗೇ ಕಾವೇರಿ. ‘ನೀರಿಗೆ ಹತ್ತೇ ಹೆಜ್ಜೆ’ ಅಂತ ಯಾರೋ ಖುಷಿಯಾಗಿ ಹೇಳ್ತಿದ್ರು. ನನಗೆ ಮಾತ್ರ ಹೊಟ್ಟೆ ತೊಳೆಸಿದ ಹಾಗಾಯ್ತು.

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಈಗಿನ ಗುಮಾಸ್ತೆ ಕೆಲಸಕ್ಕೆ ಬರೋ ಮುಂಚೆ ಎರಡು ವರ್ಷ ಸಿದ್ದಾಪುರದ ಕಡೆ ಇಂಥದ್ದೇ ಒಂದು ಕ್ಯಾಂಪಿನಲ್ಲಿ ಆಫೀಸು ನೋಡ್ಕೊಂಡಿದ್ದೆ. ಎಸ್ಟೇಟಿನ ರೂಢಿಯಂತೆ ಎಲ್ಲರೂ ‘ರೈಟ್ರೇ’ ಅನ್ನೋರು. ಕ್ಯಾಂಪಿನ ಹೆಸರು ಬರೆಯಲ್ಲ. ಅದೊಂದರದ್ದೇ ಕತೆಯಾಗಿದ್ದರೆ ಬರೆಯುತ್ತಿದ್ದೆ.

ಮಾರ್ಚ್, ಏಪ್ರಿಲ್‌ನಲ್ಲಿ ಬೀಳೋ ಮಳೆಗೆ ಕಾಫಿ ಬೆಳೆಗಾರರು ಹೂಮಳೆ ಅಂತಾರೆ. ಮೇ ತಿಂಗಳಿನದು ಬೇರೆಯೇ. ಮಧ್ಯಾಹ್ನದವರೆಗೂ ಬೆವರು, ನಾಲ್ಕಕ್ಕೆ ಕತ್ತಲು, ಆಮೇಲೆ ಗಾಳಿ, ಸಿಡಿಲು, ಆಲಿಕಲ್ಲು. ತೋಟದ ಸಿಲ್ವರ್ ಓಕ್ ಮರಗಳು ಲಟಕ್ಕನೆ ಮುರಿದು ಬೀಳ್ತವೆ. ಸ್ಕೂಲ್ ರಜೆ ಇರೋದೂ ಆವಾಗಲೇ, ಹಾಗಾಗಿ ಟೆಂಟುಗಳೆಲ್ಲ ಭರ್ತಿ. ಗಾಳಿ ಶುರುವಾದ ತಕ್ಷಣ ಗೆಸ್ಟುಗಳನ್ನ ತಾರಸಿ ಹಾಕಿದ ಡೈನಿಂಗ್ ಹಾಲಿಗೆ ಕರಕೊಂಡು ಬಂದು ಬಿಸಿ ಬಿಸಿ ಪಕೋಡ ಕೊಡ್ತಿದ್ವಿ. ಹೊರಗಡೆ ಟೆಂಟು ಹಾರಿಹೋಗದ ಹಾಗೆ ಹಿಡಿಯೋರು ಯಾರು? ನಮ್ಮ ಹುಡುಗರು. ತಲೆ ಮೇಲೆ ಸಿಡಿಲು, ಕೈಯಲ್ಲಿ ಕಬ್ಬಿಣದ ಕಂಬ. ಒಂದು ಸಂಜೆ ಕೆಲಸದವರ ಶೆಡ್ಡಿನ ಶೀಟು ಹಾರಿ ಕಾಫಿ ಗಿಡದ ಮೇಲೆ ಬಿತ್ತು. ಮ್ಯಾನೇಜರ್ ಬಂದು, ‘ಎಲ್ಲಾ ಸೇಫಾ ರೈಟ್ರೇ?’ ಅಂದ್ರು. ನಾನು ರಿಜಿಸ್ಟರ್ ನೋಡಿ ಟಿಕ್ ಹಾಕಿ, ‘ಎಲ್ಲಾ ಸೇಫ್ ಸಾರ್’ ಅಂದೆ. ಆ ರಿಜಿಸ್ಟರಿನಲ್ಲಿ ಇದ್ದದ್ದು ಗೆಸ್ಟುಗಳ ಹೆಸರು ಮಾತ್ರ.

2019ರ ಆಗಸ್ಟಿಗೆ ಬರ್ತೀನಿ. ಮಳೆ ನೋಡೋಕೆ ಅಂತಲೇ ಬಂದಿದ್ದ ಹದಿನಾಲ್ಕು ಜನ ಗೆಸ್ಟುಗಳಿದ್ರು. ಭಾಗಮಂಡಲದಲ್ಲಿ ತ್ರಿವೇಣಿ ಸಂಗಮ ಮುಳುಗಿದೆ ಅಂತ ಸುದ್ದಿ ಬಂದರೆ ಆ ನೀರು ನಮ್ಮ ಕಡೆಗೆ ಬರೋದು ಗ್ಯಾರಂಟಿ ಅನ್ನೋದು ದಂಡೆಯಲ್ಲಿರೋ ಮಕ್ಕಳಿಗೂ ಗೊತ್ತು. ಸುದ್ದಿ ಬಂದ ಮಧ್ಯಾಹ್ನವೇ ಎರಡು ಜೀಪಿನಲ್ಲಿ ಹದಿನಾಲ್ಕೂ ಜನರನ್ನ ಮೇಲಿನ ರಸ್ತೆಗೆ ಸಾಗಿಸಿದ್ವಿ. ಒಳ್ಳೆಯದೇ ಆಯ್ತು, ಅದರಲ್ಲಿ ನನ್ನ ತಕರಾರಿಲ್ಲ. ಕೆಲಸದವರಿಗೆ ಮಾತ್ರ ‘ಇವತ್ತೊಂದು ರಾತ್ರಿ ಇರ್ರಪ್ಪ’ ಅಂದ್ರು. ಹಾಸಿಗೆ, ಫ್ರಿಜ್ಜು, ಜನರೇಟರು ಎತ್ತರಕ್ಕೆ ಸಾಗಿಸಬೇಕಿತ್ತು. ನಾನು ಸಾಯಂಕಾಲ ಲೆಕ್ಕದ ಪುಸ್ತಕಗಳನ್ನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಮೇಲಕ್ಕೆ ಬಂದೆ. ಪುಸ್ತಕಕ್ಕೂ ಜೀಪಿನಲ್ಲಿ ಜಾಗ ಇತ್ತು.

ರಾತ್ರಿ ಶೆಡ್ಡಿಗೆ ನೀರು ನುಗ್ಗಿತು. ಬೋಟಿನವರು ಬಂದು ಕೇಳಿದ್ದು ಒಂದೇ ಪ್ರಶ್ನೆ: ‘ಒಳಗೆ ಎಷ್ಟು ಜನ ಇದ್ದಾರೆ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನಾಲ್ಕು ಗೆಸ್ಟುಗಳ ಹೆಸರು, ವಿಳಾಸ, ಫೋನ್ ನಂಬರ್, ಆಧಾರ್ ಜೆರಾಕ್ಸ್ ಎಲ್ಲಾ ಇತ್ತು, ಪೊಲೀಸರು ಕೇಳ್ತಾರೆ ಅಂತ. ಕೆಲಸದವರನ್ನ ಕರಕೊಂಡು ಬಂದವನು ಮೇಸ್ತ್ರಿ, ಕೂಲಿ ಹೋಗ್ತಿದ್ದದ್ದೂ ಅವನ ಕೈಗೇ, ಆ ರಾತ್ರಿ ಅವನ ಫೋನು ಸ್ವಿಚ್ ಆಫ್. ಅಸ್ಸಾಂ ಹುಡುಗರು ಐದೋ ಆರೋ, ಹಾಡಿಯಿಂದ ಬರೋರು ನಾಲ್ಕು ಜನ, ಅಡುಗೆಯವರು... ಮಳೆಯಲ್ಲಿ ನಿಂತು ಬೆರಳು ಮಡಚಿ ಎಣಿಸಿದೆ. ಹನ್ನೊಂದು ಅಂದೆ. ಹನ್ನೊಂದು ಜನ ಬಂದರು. ಬೋಟು ವಾಪಸ್ ಹೋಯ್ತು.

ಹನ್ನೆರಡನೆಯವಳು ಟಾಯ್ಲೆಟ್ ತೊಳೆಯೋ ಅಕ್ಕ. ಬೆಳಿಗ್ಗೆ ಪಂಪ್‌ಹೌಸಿನ ತಾರಸಿ ಮೇಲೆ ಸಿಕ್ಕಿದಳು, ಗೋಣಿಚೀಲ ಹೊದ್ದುಕೊಂಡು ಕೂತಿದ್ದಳು. ನಮ್ಮ ಕೇರಿಯವಳೇ, ನಮ್ಮ ಜನವೇ. ‘ರೈಟ್ರೇ, ನನ್ನ ಯಾಕ್ ಬುಟ್ರಿ?’ ಅಂದಳು. ಬೈಯಲಿಲ್ಲ, ಅಳಲಿಲ್ಲ, ಸುಮ್ಮನೆ ಕೇಳಿದಳು. ಎರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೆ. ‘ಬಾತ್ರೂಮ್ ಅಕ್ಕ’ ಅನ್ನೋದು ಬಿಟ್ಟರೆ ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಏಪ್ರಿಲ್ 14ಕ್ಕೆ ಮೈಕ್ ಹಿಡಿದು ಭಾಷಣ ಮಾಡೋನು ನಾನು. ಓನರ್ ಜಾತಿ ಯಾವುದು ಅಂತ ಕೇಳೋರಿಗೆ ಇದನ್ನೂ ಹೇಳ್ತೀನಿ: ಆ ರಾತ್ರಿ ಹನ್ನೊಂದು ಅಂತ ಎಣಿಸಿದ ಬೆರಳು ನನ್ನದು.

ನೀರು ಇಳಿದ ಮೇಲೆ ಕೆಸರು ತೆಗೆಯೋಕೆ ಜೆಸಿಬಿ ಬಂತು. ತುಂಬಿ ಉಕ್ಕಿದ್ದ ಪಿಟ್ಟಿಗೆ ಮಾತ್ರ ಜೆಸಿಬಿ ಆಗಲ್ಲವಂತೆ, ಕಾಲೋನಿಯಿಂದ ಇಬ್ಬರನ್ನ ಕರೆಸಿದ್ರು. ರಕ್ಷಣೆಯ ಸಾಮಾನಿಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸಬಾರದು ಅನ್ನೋ ಕಾನೂನು ಬಂದದ್ದು 2013ರಲ್ಲಿ.

ಅದೇ ವಾರ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಹೊಳೆದಂಡೆಯ ಕೂಲಿಗಳ ಮನೆಗಳು ಒಂದರ ಹಿಂದೊಂದು ಕುಸಿದವು. ‘ದಂಡೆಯಲ್ಲಿ ಯಾಕೆ ಮನೆ ಕಟ್ಟಿದ್ರು? ಒತ್ತುವರಿ ತಾನೇ?’ ಅಂತ ಕೇಳಿದೋರು ಎಷ್ಟು ಜನ! ಅದೇ ಕಾವೇರಿ, ಅದೇ ದಂಡೆ. ಕೂಲಿಯವನು ಮಲಗಿದರೆ ಒತ್ತುವರಿ, ಗೆಸ್ಟು ಮಲಗಿದರೆ ರಿವರ್ ವ್ಯೂ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ 577 ಗುಡಿಸಲು ಕೆಡವಿದಾಗ ಅರಣ್ಯದ ನಕ್ಷೆ ಎಷ್ಟು ಬೇಗ ಸಿಕ್ಕಿತ್ತು ನೆನಪಿದೆಯಾ? ಹೊಳೆಗೆ ಹತ್ತು ಹೆಜ್ಜೆಯಲ್ಲಿ ಟೆಂಟ್ ಹಾಕಿದವನ ಮುಂದೆ ಯಾವ ನಕ್ಷೆಯೂ ಬಿಚ್ಚಿಕೊಳ್ಳಲ್ಲ.

ಪರಿಹಾರದ ವಿಷಯ. ಆ ವರ್ಷ ಮನೆಗೆ ನೀರು ನುಗ್ಗಿದ ಕುಟುಂಬಕ್ಕೆ ಸರ್ಕಾರ ತುರ್ತಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಘೋಷಿಸಿತ್ತು. ನಮ್ಮ ಹನ್ನೆರಡು ಜನಕ್ಕೆ ಬಿಡಿಗಾಸೂ ಸಿಗಲಿಲ್ಲ. ಶೆಡ್ಡು ಪಂಚಾಯ್ತಿ ಲೆಕ್ಕದಲ್ಲಿ ಮನೆಯೇ ಅಲ್ಲ. ರೇಷನ್ ಕಾರ್ಡ್ ಇರೋದು ಊರಿನ ವಿಳಾಸದಲ್ಲಿ, ಊರಿಗೆ ನೆರೆ ಬಂದಿಲ್ಲ. ಅರ್ಜಿ ಬರೆದುಕೊಟ್ಟವನು ನಾನೇ. ಗುಮಾಸ್ತೆಯಾಗಿ ಹೇಳ್ತೀನಿ, ಕೌಂಟರಿನಲ್ಲಿ ಕೂತಿದ್ದವನದ್ದೂ ತಪ್ಪಿಲ್ಲ. ಅವನ ಮುಂದಿದ್ದ ಫಾರಂನಲ್ಲಿ ಇವರನ್ನ ಬರೆಯೋಕೆ ಕಾಲಂ ಇರಲಿಲ್ಲ.

ಕಾನೂನು ಇಲ್ವಾ ಅಂದ್ರೆ, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ 20 ಜನ ಇದ್ದ ಕಡೆಯೆಲ್ಲ ಅನ್ವಯ ಆಗ್ತಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು 50 ಆಗಿದೆ. ಕಾವೇರಿ ದಂಡೆಯ ಎಷ್ಟು ಕ್ಯಾಂಪಿನಲ್ಲಿ 50 ಜನ ಗುತ್ತಿಗೆಯವರು ಇರ್ತಾರೆ ಹೇಳಿ? ಮೊದಲು ಮೇಸ್ತ್ರಿ ಮರೆಸುತ್ತಿದ್ದ, ಈಗ ಕಾನೂನೇ ಮರೆಸುತ್ತೆ.

ಟೂರಿಸಂ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ಮಕ್ಕಳಿಗೆ ಅಲ್ಲಿ ಕೆಲಸ ಇದೆ. ಲೈಸೆನ್ಸ್ ಕೊಡುವಾಗ ರಾತ್ರಿ ಅಲ್ಲಿ ಮಲಗೋ ಪ್ರತಿಯೊಬ್ಬರ ಹೆಸರಿರೋ ಪಟ್ಟಿ ಕೇಳಿ, ಅದರ ಒಂದು ಪ್ರತಿ ಪಂಚಾಯ್ತಿಯಲ್ಲಿರಲಿ. ಶೆಡ್ಡು ಟೆಂಟಿಗಿಂತ ತಗ್ಗಿನಲ್ಲಿ ಇರಬಾರದು. ಜೀಪು ಹೊರಟರೆ ಎಲ್ಲರೂ ಹೊರಡಬೇಕು, ಫ್ರಿಜ್ಜು ತೇಲಿ ಹೋದರೆ ಹೋಗಲಿ. ಇದಕ್ಕೆಲ್ಲ ದೊಡ್ಡ ದುಡ್ಡು ಬೇಕಾಗಿಲ್ಲ.

ಹೋದ ತಿಂಗಳಿಂದ ನಾವು ಮೂರು ಜನ ಭಾನುವಾರ ಭಾನುವಾರ ಹೊಳೆದಂಡೆಯ ಕ್ಯಾಂಪುಗಳಿಗೆ ಹೋಗಿ ಕೆಲಸದವರ ಹೆಸರು, ಊರು, ಮನೆಯವರ ನಂಬರ್ ಬರೆದುಕೊಳ್ತಿದ್ದೀವಿ. ಎರಡು ಕಡೆ ಗೇಟಿನಿಂದಲೇ ಓಡಿಸಿದರು, ಒಂದು ಕಡೆ ಟೀ ಕೊಟ್ಟರು. ನೋಟ್‌ಬುಕ್ಕಿನಲ್ಲಿ ಇವತ್ತಿಗೆ 43 ಹೆಸರು. ಮೊದಲನೆಯದು ಆ ಅಕ್ಕನದು, ಅವಳೀಗ ಬೇರೆ ಕ್ಯಾಂಪಿನಲ್ಲಿದ್ದಾಳೆ, ಅದೇ ಕೆಲಸ. ಮಳೆಗಾಲಕ್ಕೆ ಮುಂಚೆ ಇನ್ನೂ ನಾಲ್ಕು ಭಾನುವಾರ ಇದೆ. ಬೈಕ್ ಇರೋರು, ಅಸ್ಸಾಮಿ ಇಲ್ಲಾ ಹಿಂದಿ ಬರೋರು ಇದ್ದರೆ ಇನ್‌ಬಾಕ್ಸಿಗೆ ಬನ್ನಿ.